ಸ್ವರ್ಣಲತಾ ಒತ್ತಿ ನೋಡಿದ ಮೂವರು ಕೋಚ್‌ಗಳು

ಒಮಾನಿನ ನಿಜ್ವಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸ್ವರ್ಣಲತಾ ಫಿಸಿಯೋಥೆರಪಿಸ್ಟ್. ಬಂಟ್ವಾಳದ ಕಡೆಯವಳು. ಜನರ ಕೈಕಾಲು ಎಳೆಯುವುದು, ಮಡಚುವುದು, ನೋವಿರುವ ಜಾಗಕ್ಕೆ ಹೆಬ್ಬೆರಳು ಇಟ್ಟು ಒತ್ತುವುದು ಅವಳ ಕೆಲಸ. ಖರ್ಜೂರದ ಮರದಿಂದ ಜಾರಿದವರು, ಟ್ರೈಲರ್ ಓಡಿಸಿ ಸೊಂಟ ಕಳೆದುಕೊಂಡವರು, ಎಲ್ಲರೂ ಅವಳಲ್ಲಿಗೆ ಬರುತ್ತಾರೆ. ವೀಸಾ ಕೊಟ್ಟ ಧಣಿ ಕಫೀಲ್ ಬಂದರೂ ಅದೇ ಮಂಚ, ಅವನ ಡ್ರೈವರ್ ಬಂದರೂ ಅದೇ ಮಂಚ. ಇಬ್ಬರಿಗೂ ಅವಳು ಕವುಚಿ ಮಲಗಿ ಎನ್ನುತ್ತಾಳೆ. ಮನುಷ್ಯರನ್ನು ಸಮ ಮಾಡುವ ಜಾಗ ಭೂಮಿಯ ಮೇಲೆ ಬಹಳ ಇಲ್ಲ. ಇದು ಒಂದು.

ಫುಟ್‌ಬಾಲ್ ಅವಳಿಗೆ ಬೇಡವಾಗಿತ್ತು. ಗಂಡ ಪೂವಪ್ಪ ಬಿಡಲಿಲ್ಲ. ಎಸಿ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಪೂವಪ್ಪ ಒಂದು ಕಾಲದಲ್ಲಿ ಮಂಗಳೂರಿನ ಕಾಲೇಜು ತಂಡದ ಬಲಬದಿಯ ವಿಂಗರ್. ಅದೇ ಕಾಲೇಜಿನಲ್ಲಿ ಬೇರೆ ಬೇರೆ ಕಾಲಕ್ಕೆ ಆಡಿದವರು ಶುಕ್ರವಾರ ಊಟವಾದ ಮೇಲೆ ಸ್ಟ್ಯಾನಿಯ ಮನೆಯಲ್ಲಿ ಸೇರುತ್ತಾರೆ. ಸೇರಿದರೆ ಮಾತು ಒಂದೇ: ಕಾಲೇಜು ಕಂಡ ಅತಿ ದೊಡ್ಡ ಕೋಚ್ ಯಾರು? ಜಗಳ ತುಳುವಿನಲ್ಲಿ ಶುರುವಾಗಿ, ಪುರಾವೆ ಕೇಳುವ ಹೊತ್ತಿಗೆ ಕನ್ನಡಕ್ಕೆ ತಿರುಗುತ್ತದೆ.

“ನಮಗೆ ಇದ್ದದ್ದು ಒಂದೇ ಬಾಲ್. ಅದೂ ಹೊಲಿಗೆ ಬಿಟ್ಟದ್ದು,” ಎನ್ನುತ್ತಾನೆ ಅರವತ್ತರ ಹತ್ತಿರದ ಸ್ಟ್ಯಾನಿ. “ಒಂದೇ ಬಾಲಲ್ಲಿ ಇಡೀ ಟೀಮಿಗೆ ಆಟ ಕಲಿಸಿದವರು ಲಾದ್ರು ಮಾಸ್ಟ್ರು. ಬೂಟ್ ಇಲ್ಲ, ಸಾಕ್ಸ್ ಇಲ್ಲ.”

“ಕಪ್ಪೂ ಇಲ್ಲ,” ಎನ್ನುತ್ತಾನೆ ಪೂವಪ್ಪ. “ನಮ್ಮ ಉಗ್ಗಪ್ಪ ಸರ್ ಮೂರು ವರ್ಷ ಬಿಡದೆ ಯೂನಿವರ್ಸಿಟಿ ಕಪ್ ತಂದಿದ್ದಾರೆ ಸ್ಟ್ಯಾನಿಯಣ್ಣ. ಕಾಲೇಜಿನ ಕಪಾಟಲ್ಲಿ ಉಂಟು, ಹೋಗಿ ನೋಡಿ.”

“ನಿಮ್ಮ ಎದುರಿಗೆ ಯಾರಿದ್ರು ಮಾರಾಯ? ಆಡುವವರೆಲ್ಲ ಕ್ರಿಕೆಟಿಗೆ ಹೋಗಿ ಆಗಿತ್ತು. ಖಾಲಿ ಮೈದಾನದಲ್ಲಿ ನಾಯಿ ಓಡಿದ್ರೂ ಕಪ್ ಬರ್ತಿತ್ತು.”

ಬ್ಯಾಂಕಿನಲ್ಲಿರುವ ಗ್ಯಾವಿನ್ ಇವರಲ್ಲಿ ಎಳೆಯ. “ಅಂಕಲ್, ನವಾಝ್ ಸರ್ ಮ್ಯಾಚನ್ನು ಮೊಬೈಲಲ್ಲಿ ಹಿಡಿದು, ಯಾರು ಎಲ್ಲಿ ತಪ್ಪು ನಿಂತ ಅಂತ ಬಾಣ ಹಾಕಿ ಕಳಿಸ್ತಿದ್ರು. ನಿಮ್ಮಿಬ್ಬರ ಸರ್‌ಗಳಿಗೆ ಆಫ್‌ಸೈಡ್ ಸರಿಯಾಗಿ ಗೊತ್ತಿತ್ತಾ ಅಂತ ನನಗೆ ಡೌಟ್.”

ಆಗ ಹಿರಿಯರಿಬ್ಬರೂ ಒಂದಾಗಿ ಗ್ಯಾವಿನ್ ಮೇಲೆ ಬೀಳುತ್ತಾರೆ. ಮೂರು ಬಣವಾದ ಯೂನಿಯನ್ ಆಫೀಸಿನಲ್ಲಿ ಕೂತವರಿಗೆ ಈ ದೃಶ್ಯ ಹೊಸದಲ್ಲ.

ಒಂದು ಶುಕ್ರವಾರ ಗಂಡನ ಜೊತೆ ಹೋಗಿದ್ದ ಸ್ವರ್ಣಲತಾ ಚಹಾದ ಲೋಟ ಇಡುತ್ತಾ ಕೇಳಿದಳು: “ಒಬ್ಬರ ಕೋಚಿನ ಆಟ ಇನ್ನೊಬ್ಬರು ನೋಡಿಯೇ ಇಲ್ಲ. ಮತ್ತೆ ಯಾರು ದೊಡ್ಡವರು ಅಂತ ಹೇಗೆ ಹೇಳ್ತೀರಿ?”

“ಅದೆಲ್ಲ ನಿನಗೆ ಗೊತ್ತಾಗ್ಲಿಕ್ಕಿಲ್ಲ ಸ್ವರ್ಣ,” ಎಂದ ಪೂವಪ್ಪ.

ಆ ಮಾತು ಅವಳಿಗೆ ತಾಗಿತು. ತಾಗಲು ಬೇರೆ ಕಾರಣವೂ ಇತ್ತು. ಎಂಟನೇ ತರಗತಿಯ ಮಗಳು ತೃಷಾ ಶಾಲೆಯ ಹುಡುಗಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ಮಸ್ಕತ್ತಿನಲ್ಲಿ ಶಾಲೆಗಳ ನಡುವಿನ ಪಂದ್ಯ ಹತ್ತಿರ ಬರುತ್ತಿತ್ತು. ಪೂವಪ್ಪ ದಿನಾ ಬೆಳಿಗ್ಗೆ ಮಗಳನ್ನು ಎಬ್ಬಿಸಿ ವಾದಿಯ, ಅಂದರೆ ನೀರಿಲ್ಲದ ಹೊಳೆಯ, ಕಲ್ಲುಹರಳಿನ ಮೇಲೆ ಓಡಿಸುತ್ತಿದ್ದ. ಹೇಗೆ ಓಡಿಸುವುದು, ಎಷ್ಟು ಬೈಯುವುದು, ನೀರು ಯಾವಾಗ ಕೊಡುವುದು, ಎಲ್ಲ ಉಗ್ಗಪ್ಪ ಸರ್ ಮಾಡಿದ ಹಾಗೆ. ಮಗಳ ಕಾಲು ಉಗ್ಗಪ್ಪ ಸರ್ ಕೈಗೆ ಹೋಗಿದೆ. ಆ ಮನುಷ್ಯ ಎಂಥವನು ಎಂದು ತಾಯಿಗೆ ತಿಳಿಯಬೇಕಿತ್ತು.

ಅವಳು ಕೋಚ್‌ಗಳನ್ನು ಕಂಡಿರಲಿಲ್ಲ, ನಿಜ. ಆದರೆ ಅವರು ತಯಾರು ಮಾಡಿದ ಸರಕು ಅವಳ ಮಂಚಕ್ಕೇ ಬರುತ್ತಿತ್ತು. ನಿಜ್ವಾದವರಷ್ಟೇ ಅಲ್ಲ, ಇಬ್ರಾ, ಇಬ್ರಿಯಂಥ ದೂರದ ಊರುಗಳಿಂದಲೂ ಆ ಕಾಲೇಜಿನ ಹಳಬರು ನಮ್ಮ ಊರಿನ ಹೆಂಗಸು ಇದ್ದಾಳೆಂದು ಗಾಡಿ ಹತ್ತಿ ಬರುತ್ತಿದ್ದರು. ಮೊದಲು ಅವಳು ಮೊಣಕಾಲು ಹಿಡಿದಳು. ಒಳ್ಳೆಯ ಕೋಚಾದರೆ ಮೊಣಕಾಲು ಉಳಿಸಿರಬೇಕು ಎಂಬುದು ಅವಳ ತರ್ಕ. ಮೊಣಕಾಲು ನೋವೆಂದು ಸ್ಟ್ಯಾನಿ ಬಂದಾಗ ಕೇಳಿದಳು: “ಲಾದ್ರು ಮಾಸ್ಟ್ರು ಹೇಗೆ ಓಡಿಸ್ತಿದ್ರು? ತೋರಿಸಿ ನೋಡುವ.”

ಸ್ಟ್ಯಾನಿ ಲುಂಗಿ ಇಲ್ಲದ ಕೊರತೆಗೆ ಪ್ಯಾಂಟನ್ನೇ ಮೇಲೆತ್ತಿ, ಕ್ಲಿನಿಕ್ಕಿನ ಕಾರಿಡಾರಿನಲ್ಲಿ ಕುಕ್ಕರಗಾಲಲ್ಲಿ ಬಾತುಕೋಳಿಯಂತೆ ನಡೆದ. ಬಾಗಿಲ ಬಳಿ ಕೂತಿದ್ದ ಒಬ್ಬ ಒಮಾನಿ ಮುದುಕ “ಯಲ್ಲಾ, ಯಲ್ಲಾ” ಎಂದು ಚಪ್ಪಾಳೆ ತಟ್ಟಿದ. ಅರ್ಧ ದಾರಿಯಲ್ಲಿ ಸ್ಟ್ಯಾನಿ ಗೋಡೆ ಹಿಡಿದು ನಿಂತ.

“ನೋಡಿ, ಮೊಣಕಾಲು ತಿಂದದ್ದು ನಿಮ್ಮ ಮಾಸ್ಟ್ರು,” ಎಂದಳು.

“ಎಂಥ ಮಾಸ್ಟ್ರು? ನಾನು ಗೋಲ್‌ಕೀಪರ್ ಮಾರಾಯ್ತಿ, ಗೋಲಿ ಎಲ್ಲಿ ಓಡ್ತಾನೆ? ಇದು ಏಣಿ ತಿಂದದ್ದು. ಬಂದಲ್ಲಿಂದ ಎಸಿ ಡಕ್ಟ್ ಕಟ್ಟಿಕೊಂಡು ಏಣಿ ಹತ್ತಿದ್ದೇನಲ್ಲ. ಮಾಸ್ಟ್ರ ಹತ್ತಿರ ಮೂರೇ ವರ್ಷ ಇದ್ದದ್ದು. ಕಂಪನಿ ಹತ್ತಿರ ಆಯುಷ್ಯವೇ ಖಲಾಸ್.”

ಅಲ್ಲಿಗೆ ಅವಳ ಮೊಣಕಾಲಿನ ತರ್ಕ ಮುರಿದುಬಿತ್ತು. ಕೋಚು ಕೆಡಿಸಿದ್ದು ಯಾವುದು, ಕಂಪನಿ ಜಗಿದದ್ದು ಯಾವುದು ಎಂದು ಮೂಳೆ ನೋಡಿ ಹೇಳಲು ಬರುವುದಿಲ್ಲ. ಬರುತ್ತಿದ್ದರೆ ಅರ್ಧ ಕಾರ್ಖಾನೆಗಳು ಕೋರ್ಟಿನಲ್ಲಿರುತ್ತಿದ್ದವು.

ಆದರೂ ಅವಳು ಬಿಡಲಿಲ್ಲ. ಕೆಲಸ ಮಾಡುತ್ತಲೇ ಗಮನಿಸುತ್ತಾ ಹೋದಳು. ಒಂದು ವಿಚಿತ್ರ ಕಾಣತೊಡಗಿತು. ಹೆಬ್ಬೆರಳು ಊರಿದ ಕೂಡಲೇ ಲಾದ್ರು ಮಾಸ್ಟ್ರ ಶಿಷ್ಯರು ಕೊಂಕಣಿ, ತುಳು ಎರಡರಲ್ಲೂ ಬೈಯುತ್ತಿದ್ದರು. ಅವಳಿಗಲ್ಲ, ನೋವಿಗೆ. “ಮಾಸ್ಟ್ರೇ ಹಾಗೆ. ಅವರು ಬೈಯ್ತಿದ್ರು, ನಾವೂ ಬೈಯ್ತಿದ್ದೆವು. ಲೆಕ್ಕ ಚುಕ್ತಾ,” ಎಂದ ಸ್ಟ್ಯಾನಿ. ಗ್ಯಾವಿನ್ ಕುತ್ತಿಗೆ ಹಿಡಿದು ಬಂದವನು ಒತ್ತುವ ಮೊದಲೇ ವರದಿ ಕೊಟ್ಟ: “ಸ್ವರ್ಣಕ್ಕ, ಹತ್ತರಲ್ಲಿ ಆರು. ಎಡಕ್ಕೆ ತಿರುಗಿದ್ರೆ ಏಳು.” ನವಾಝ್ ಸರ್ ಪ್ರತಿ ಪ್ರಾಕ್ಟೀಸಿನ ಮೊದಲು ನೋವಿಗೆ ನಂಬರು ಕೇಳುತ್ತಿದ್ದರಂತೆ.

ಉಗ್ಗಪ್ಪ ಸರ್ ಶಿಷ್ಯರಿಗೆ ಮಾತ್ರ ಬಾಯಿಯೇ ಇರಲಿಲ್ಲ. ಇಬ್ರಿಯಲ್ಲಿ ಕೆಫೆಟೇರಿಯಾ ಇಟ್ಟಿರುವ ಮುಹಿಯುದ್ದೀನ್, ಪೂವಪ್ಪನ ಜೊತೆಯ ಆಟಗಾರ, ಭುಜ ಹಿಡಿದುಕೊಂಡು ಬಂದ. ಕೈ ತಲೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಸ್ವರ್ಣಲತಾ ಎಳೆದಳು, ಒತ್ತಿದಳು. ಹಣೆಯಲ್ಲಿ ಬೆವರು ಬಂತು, ಮಾತು ಬರಲಿಲ್ಲ.

“ನೋವುಂಟಾ ಮುಹಿಯುದ್ದೀನ್ ಭಾಯ್?”

“ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ ಉಂಟಾ, ಇಲ್ವಾ?”

“ನೋವು ಅಂದವ ಮನೆಗೆ ಅಂತ ಸರ್ ಹೇಳ್ತಿದ್ರು. ಅದು ಅಭ್ಯಾಸ ಆಗಿದೆ.” ಮತ್ತೆ ಅವನೇ ಸೇರಿಸಿದ: “ಕೆಟ್ಟವರಲ್ಲ ಸಿಸ್ಟರ್. ಪ್ರಾಕ್ಟೀಸ್ ಮುಗಿದ ಮೇಲೆ ಬ್ರೆಡ್, ಬೇಯಿಸಿದ ಮೊಟ್ಟೆ, ಎಲ್ಲ ಅವರ ಸಂಬಳದಿಂದ. ನಮ್ಮ ಮನೆಯಲ್ಲಿ ಮೊಟ್ಟೆ ಎಲ್ಲಿತ್ತು? ಮೊಟ್ಟೆಯ ಜೊತೆ ನೋವನ್ನೂ ನುಂಗಿದ್ದು.”

ಇದು ಅವಳಿಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಕಪಾಟಿನಲ್ಲಿರುವ ಕಪ್ಪಿನ ಮೇಲೆ ಇಸವಿ ಇರುತ್ತದೆ, ಅಷ್ಟೇ. ಕೋಚು ಯಾರೆಂಬುದು ಇಲ್ಲಿ, ಒತ್ತಿದಾಗ ಹೊರಬೀಳುವ ಸದ್ದಿನಲ್ಲಿ ಉಳಿದಿದೆ. ಚಳವಳಿಯಲ್ಲಿ ಲಾಠಿ ತಿಂದವರಲ್ಲೂ ಈ ಭೇದ ಉಂಟು. ಕೂಗುವವರನ್ನು ಯಾವ ಮುಂದಾಳು ಬೆಳೆಸಿದ, ಹಲ್ಲು ಕಚ್ಚುವವರನ್ನು ಯಾವನು ಬೆಳೆಸಿದ ಎಂದು ಠಾಣೆಯ ಹೊರಗೆ ನಿಂತೇ ಹೇಳಬಹುದಿತ್ತು.

ಆ ದಿನ ಮನೆಗೆ ಬಂದವಳೇ ತೃಷಾಳನ್ನು ಸೋಫಾದ ಮೇಲೆ ಕೂರಿಸಿ ಕಾಲು ತೊಡೆಯ ಮೇಲೆ ಎಳೆದುಕೊಂಡಳು. ಕುತೂಹಲವಷ್ಟೇ, ಬೇರೇನೂ ಇರಲಿಲ್ಲ. ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಉದ್ದಕ್ಕೂ ಒತ್ತುತ್ತಾ ಬಂದಳು. ಒಂದು ಜಾಗದಲ್ಲಿ ಹುಡುಗಿಯ ಕಾಲ್ಬೆರಳು ಮುದುಡಿದವು. ಮುಖ ಮಾತ್ರ ಕಲ್ಲು.

“ನೋವುಂಟಾ?”

“ನಥಿಂಗ್ ಅಮ್ಮ.”

ಮತ್ತೆ ಒತ್ತಿದಳು. ಕಣ್ಣಲ್ಲಿ ನೀರು ಬಂತು. ಬಾಯಿ ತೆರೆಯಲಿಲ್ಲ.

“ಯಾವಾಗಿಂದ?”

“ಫ್ಯೂ ವೀಕ್ಸ್. ಪಪ್ಪಂಗೆ ಹೇಳ್ಬೇಡ, ಪ್ಲೀಸ್. ನೋವು ಅಂದವರು ಟೀಮಲ್ಲಿ ಇರ್ಲಿಕ್ಕಿಲ್ಲ. ಉಗ್ಗಪ್ಪ ಸರ್ ರೂಲ್.”

ಮರುದಿನ ಸ್ಕ್ಯಾನ್ ಆಯಿತು. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಇನ್ನೂ ಓಡಿಸಿದ್ದರೆ ಪೂರ್ತಿ ಮುರಿಯುತ್ತಿತ್ತು ಎಂದರು ಡಾಕ್ಟರು. ಮಸ್ಕತ್ ಪಂದ್ಯದ ಆಸೆ ಅಲ್ಲಿಗೆ ಮುಗಿಯಿತು.

ಪೂವಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಾವು ಹಾಗೇ ಆಡಿದ್ದು ಸ್ವರ್ಣ. ನಮಗೆ ಏನೂ ಆಗ್ಲಿಲ್ಲ,” ಎಂದ.

“ಏನೂ ಆಗ್ಲಿಲ್ಲ ಅಂತ ಹೇಗೆ ಗೊತ್ತು? ಆದವರು ಮನೆಗೆ ಹೋದ್ರಲ್ಲ. ಶುಕ್ರವಾರ ಸ್ಟ್ಯಾನಿಯಣ್ಣನ ಮನೆಗೆ ಬರುವವರು ಉಳಿದವರು. ಹೋದವರಲ್ಲಿ ಒಬ್ಬರ ಹೆಸರು ಹೇಳಿ.”

ಪೂವಪ್ಪ ಯೋಚಿಸಿದ. “ಲೆಫ್ಟ್ ಬ್ಯಾಕ್ ಒಬ್ಬ ಇದ್ದ. ಸುರತ್ಕಲ್ ಕಡೆಯವ. ಒಳ್ಳೆ ಆಟ. ಕಾಲು ನೋವು ಅಂತ…” ಅಲ್ಲಿಗೆ ನಿಂತ. “ಹೆಸರು ಬರ್ತಾ ಇಲ್ಲ.”

“ಕಪ್ ಬಂದ ಇಸವಿ ಮೂರೂ ಬರ್ತದೆ.”

ಚಳವಳಿಗಳ ಲೆಕ್ಕವೂ ಇದೇ: ವೇದಿಕೆ ಹತ್ತಿದವರ ಹೆಸರು ಎಲ್ಲರಿಗೂ ಗೊತ್ತು, ಕಾಲು ಮುರಿದುಕೊಂಡು ಮನೆ ಸೇರಿದವನ ಹೆಸರು ಅವನ ಹೆಂಡತಿಗೆ ಮಾತ್ರ ಗೊತ್ತು. ಗೆದ್ದವರಷ್ಟೇ ಸೇರಿ ನಾಯಕನನ್ನು ಅಳೆದರೆ ಯಾವ ನಾಯಕನೂ ದೊಡ್ಡವನೇ.

ಪಂದ್ಯಕ್ಕೆ ಅವರು ಹೋದರು. ತೃಷಾಳೇ ಹೋಗಬೇಕೆಂದಳು. ಕಾಲಿಗೆ ಪಟ್ಟಿ ಹಾಕಿಕೊಂಡು ಗೋಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದಳು. ಶಾಲೆಯ ತಂಡ ಸೋತಿತು. ಸೋಲಿಗೆ ಮಗಳ ಗೈರುಹಾಜರಿಯೇ ಕಾರಣ ಎಂದು ಪೂವಪ್ಪನಿಗೆ ಅನ್ನಿಸಿರಬೇಕು. ಆದರೆ ಬಾಯಿಬಿಡುವ ಧೈರ್ಯ ಇರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, ಇಜ್ಕಿ ಊರು ದಾಟಿದ ಮೇಲೆ ತೃಷಾಳೇ ಕೇಳಿದಳು:

“ಪಪ್ಪ, ನಿನಗೆ ವಿಂಗರ್ ಆಗ್ಬೇಕು ಅಂತ ಇತ್ತಾ?”

“ನನಗೆ ಎಂಥದು ಇರುವುದು? ಉಗ್ಗಪ್ಪ ಸರ್ ನಿಲ್ಲಿಸಿದ್ರು, ನಿಂತೆ.”

“ಕೇಳ್ಲೇ ಇಲ್ವಾ?”

“ಇಲ್ಲ.”

“ಯೂ ಆಲ್ಸೋ ನೆವರ್ ಆಸ್ಕ್ಡ್ ಮಿ.”

ಪೂವಪ್ಪ ಕನ್ನಡಿಯಲ್ಲಿ ಮಗಳನ್ನು ನೋಡಿದ. ರಸ್ತೆ ನೋಡಿದ. ಮತ್ತೆ ಕನ್ನಡಿ ನೋಡಿದ. “ಸರಿ, ಈಗ ಕೇಳ್ತೇನೆ. ನಿನಗೆ ಎಂಥ ಬೇಕು?”

“ಗೋಲ್‌ಕೀಪರ್.”

“ಗೋಲಿಯಾ?” ಎಂದ ಪೂವಪ್ಪ, ಮಗಳು ಸನ್ಯಾಸ ತೆಗೆದುಕೊಳ್ಳುತ್ತೇನೆ ಎಂದಳೋ ಎಂಬಂತೆ.

“ಎಸ್. ಇವತ್ತು ಹಿಂದಿನಿಂದ ನೋಡಿದೆ. ಅಲ್ಲಿ ನಿಂತ್ರೆ ಎಲ್ಲ ಕಾಣ್ತದೆ. ನಮ್ಮ ಕೀಪರ್ ಮೊದಲ ಗೋಲಿಗೆ ಮುಂದೆ ಬರ್ಬೇಕಿತ್ತು. ಅವಳು ಬರ್ಲಿಲ್ಲ.”

ಅದು ನಿಜವಾಗಿತ್ತು. ಪೂವಪ್ಪ ಕೂಡ ಅದನ್ನು ನೋಡಿದ್ದ. ಸ್ವರ್ಣಲತಾ ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡಳು. ಇಷ್ಟು ದಿನ ಮೂವರು ಕೋಚ್‌ಗಳನ್ನು ತೂಗಿದ್ದಳು. ಹುಡುಗಿಗೆ ಏನು ಬೇಕೆಂದು ಅವಳೂ ಕೇಳಿರಲಿಲ್ಲ.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ಪೂವಪ್ಪ ಗಾಡಿ ನಿಲ್ಲಿಸಿ ಇಳಿದ. ಉಗ್ಗಪ್ಪ ಸರ್‌ಗೆ ಗೋಲಿಗಳನ್ನು ಕಂಡರೆ ಆಗುತ್ತಿರಲಿಲ್ಲ; ಓಡದವನು ಆಟಗಾರನೇ ಅಲ್ಲ ಎಂಬುದು ಅವರ ಮತ. ಆ ವಿದ್ಯೆ ಪೂವಪ್ಪನಲ್ಲಿ ಒಂದು ಗುಲಗಂಜಿಯಷ್ಟೂ ಇರಲಿಲ್ಲ. ಫೋನ್ ಹಚ್ಚಿದ.

“ಸ್ಟ್ಯಾನಿಯಣ್ಣ, ನಿಮ್ಮ ಲಾದ್ರು ಮಾಸ್ಟ್ರು ಗೋಲಿಗಳಿಗೆ ಎಂಥ ಕಲಿಸ್ತಿದ್ರು?”

ಆ ಕಡೆಯಿಂದ ಜೋರು ನಗು ಕಾರಿನೊಳಗೂ ಕೇಳಿಸಿತು. “ಈಗ ಬುದ್ಧಿ ಬಂತಾ ನಿನಗೆ? ಯಾರಿಗೆ, ಮಗಳಿಗಾ?”

“ಹೌದು. ಕಾಲು ಗುಣ ಆಗ್ಬೇಕು ಇನ್ನೂ.”

“ಕಾಲು ಯಾಕೆ? ಕೂತುಕೊಂಡೇ ಬಾಲ್ ಹಿಡಿಯಲಿ. ಶುಕ್ರವಾರ ಕಳಿಸು.”

“ಎಷ್ಟು ಗಂಟೆಗೆ ಬರುವ?”

“ಅವಳು ಬರ್ಲಿ,” ಎಂದ ಸ್ಟ್ಯಾನಿ. “ನೀನು ಮನೆಯಲ್ಲಿರು.”