ಇಪ್ಪತ್ತಾರಕ್ಕಿಂತ ಎಂಟು ದೊಡ್ಡದು

ಪಿಯುಸಿಗೆ ಮಧುಗಿರಿಯ ಕಾಲೇಜು ಸೇರಿದ ವರ್ಷ ನನಗೆ ಹಾಸ್ಟೆಲ್ ಸಿಗಲಿಲ್ಲ. ನಮ್ಮೂರು ಕೊಡಿಗೇನಹಳ್ಳಿ ದಾಟಿ ಆಂಧ್ರದ ಗಡಿಯ ಕಡೆಗಿದೆ, ಮಧುಗಿರಿಗೆ ಇಪ್ಪತ್ತಾರು ಕಿಲೋಮೀಟರ್. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹುಡುಗಿಯರ ಹಾಸ್ಟೆಲ್ಲಿಗೆ ನಾನೂ ನಮ್ಮ ಬೀದಿಯ ಗೆಳತಿಯೂ ಅರ್ಜಿ ಹಾಕಿದ್ದೆವು. ಎಂಟು ಕಿಲೋಮೀಟರಿಗಿಂತ ದೂರದ ಊರಿನವರಿಗೆ ಮಾತ್ರ ಜಾಗ ಎಂಬುದು ಅವರ ನಿಯಮ. ಅದನ್ನು ಓದಿ ನಾವಿಬ್ಬರೂ ಕುಣಿದಿದ್ದೆವು. ನಮ್ಮನ್ನು ನೋಡಿಯೇ ಬರೆದ ನಿಯಮದ ಹಾಗಿತ್ತು. ಗೆಳತಿ ಮನೆಯಲ್ಲಿದ್ದ ಹಳೆಯ ಟ್ರಂಕಿಗೆ ನೀಲಿ ಬಣ್ಣ ಹೊಡೆದು ಒಣಗಲು ಇಟ್ಟಿದ್ದಳು.

ಆಯ್ಕೆಯಾದವರ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಇರಲಿಲ್ಲ. ನಮ್ಮಪ್ಪ ನಮ್ಮನ್ನು ಕರೆದುಕೊಂಡು ವಿಚಾರಿಸಲು ಹೋದ. ಹಾಸ್ಟೆಲ್ಲಿನ ಮ್ಯಾನೇಜರ್ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ದೂರದ ಲೆಕ್ಕದಲ್ಲಿ ನೀವು ಬರಲ್ಲ ಕಣ್ರಿ."

"ಸಾ, ಬೆಳ್ಳಂಬೆಳಗ್ಗೆ ಬುಟ್ಟೋರು ಈಗ ಬಂದಿದೀವಿ. ಅಂಗಾರೆ ನಮ್ಮೂರೇ ಹತ್ರಕ್ಕೆ ಬಂದ್ಬುಡ್ತಾ?"

"ಇದು ಕಂಪ್ಯೂಟರ್ ತೆಗೆದ ಲಿಸ್ಟು, ನಾನು ಕೈಯಲ್ಲಿ ಬರೆದಿದ್ದಲ್ಲ. ಅರ್ಜೀಲಿ ನೀವೇ ಏನೋ ತಪ್ಪು ತುಂಬಿಸಿರ್ತೀರಿ. ಹೋಗಿ, ಹೋಗಿ."

ಹೋದೆವು. ಆ ಕಾಲಕ್ಕೆ ಕಂಪ್ಯೂಟರ್ ಎಂದರೆ ನಮಗೆ ಎದುರು ಮಾತಾಡಲಾಗದ ಸಂಗತಿ. ಅಲ್ಲಿಂದ ಶುರುವಾಯಿತು ಬಸ್ಸಿನ ಪಾಡು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ, ಬರೀ ಹುಡುಗಿಯರು ನಿಂತಿರುವುದನ್ನು ಕಂಡರೆ ಕೆಲವು ಡ್ರೈವರುಗಳು ಬಸ್ಸು ನಿಲ್ಲಿಸುತ್ತಲೇ ಇರಲಿಲ್ಲ. ಧೂಳು ಕುಡಿದು ಮುಂದಿನದಕ್ಕೆ ಕಾಯುತ್ತಿದ್ದೆವು. ಮೊದಲ ಪೀರಿಯಡ್ಡು ಯಾವತ್ತೂ ನಮ್ಮದಾಗಲಿಲ್ಲ. ನಮ್ಮ ತರಗತಿಯಲ್ಲೇ ಒಬ್ಬಳಿದ್ದಳು, ಒಂಬತ್ತು ಕಿಲೋಮೀಟರ್ ದೂರದ ಊರಿನವಳು. ಅವಳಿಗೆ ಹಾಸ್ಟೆಲ್ ಸಿಕ್ಕಿತ್ತು. ಅವಳೇ ಹೇಳುತ್ತಿದ್ದಳು, "ನಮ್ಮ ರೂಮಲ್ಲಿ ಎರಡು ಮಂಚ ಖಾಲಿ ಬಿದ್ದಿದಾವೆ ಕಣೇ, ಬ್ಯಾಗ್ ಇಟ್ಕೊಂಡಿದೀವಿ" ಎಂದು. ದಸರಾ ಕಳೆದ ಮೇಲೆ ಆ ಮಂಚಗಳಿಗೆ ಪೇಟೆಯವರೇ ಶಿಫಾರಸು ಹಿಡಿದು ಬಂದರು.

ಗೆಳತಿ ನನಗಿಂತ ಜಾಣೆ. ಲೆಕ್ಕದಲ್ಲಂತೂ ನಾನು ಅವಳನ್ನು ಕೇಳಿಯೇ ಬರೆಯುತ್ತಿದ್ದೆ. ಮೊದಲ ಪೀರಿಯಡ್ಡಿನ ಹಾಜರಿ ಇಬ್ಬರಿಗೂ ಕಡಿಮೆಯಾಯಿತು. ನಾನು ಹೇಗೋ ಅಂಚಿನಲ್ಲಿ ಪಾರಾದೆ. ನಡುವೆ ಜ್ವರವೂ ಬಂದು ಮಲಗಿದ್ದ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಮತ್ತೆ ಅವಳು ಕಾಲೇಜಿನ ಕಡೆ ತಿರುಗಿ ನೋಡಲಿಲ್ಲ. ಊರ ಮುಂದೆ ಬರುವ ಗಾರ್ಮೆಂಟ್ಸಿನ ವ್ಯಾನ್ ಹತ್ತಿದಳು.

ನಾನು ಪಿಯುಸಿ ಮುಗಿಸಿ ಮಧುಗಿರಿಯಲ್ಲೇ ಬಿಸಿಎ ಸೇರಿದೆ. ಎರಡನೇ ವರ್ಷ ಡೇಟಾಬೇಸ್ ಪಾಠ. ಕಂಪ್ಯೂಟರಿನಲ್ಲಿ ತುಂಬಿಟ್ಟ ಮಾಹಿತಿಯಿಂದ ಬೇಕಾದ್ದನ್ನಷ್ಟೇ ಹೆಕ್ಕಿ ಕೊಡು ಎಂದು ಕೇಳುವುದಕ್ಕೆ ಕ್ವೆರಿ ಎನ್ನುತ್ತಾರೆ. ಆ ದಿನ ಮೇಡಂ ಹೋಲಿಕೆಯ ಚಿಹ್ನೆಗಳನ್ನು ಹೇಳಿಕೊಡುತ್ತಿದ್ದರು: ಸಮ, ಸಮವಲ್ಲ, ಕಡಿಮೆ, ಹೆಚ್ಚು.

"ಇಲ್ಲೊಂದು ಹುಷಾರು," ಎಂದರು. "ಸಂಖ್ಯೆಯನ್ನ ಸಂಖ್ಯೆ ಅಂತಲೇ ಸೇವ್ ಮಾಡಬೇಕು. ಅಕ್ಷರ ಅಂತ ಸೇವ್ ಮಾಡಿದ್ರೆ ಕಂಪ್ಯೂಟರ್ ನಿಘಂಟಿನ ಥರ ಹೋಲಿಸುತ್ತೆ, ಮೊದಲನೇ ಅಕ್ಷರ ಮೊದಲು ನೋಡುತ್ತೆ. ಎಂಟಕ್ಕಿಂತ ಹೆಚ್ಚಿರೋದು ಕೊಡು ಅಂದ್ರೆ ಒಂಬತ್ತು ಬರುತ್ತೆ. ಇಪ್ಪತ್ತು ಬರಲ್ಲ. ಯಾಕೆ? ಇಪ್ಪತ್ತರ ಮೊದಲ ಅಂಕಿ ಎರಡು, ಎರಡು ಎಂಟಕ್ಕಿಂತ ಚಿಕ್ಕದು."

ಕ್ಲಾಸು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಎಂಟು. ಒಂಬತ್ತು. ನಮ್ಮೂರಿನ ಇಪ್ಪತ್ತಾರು. ಪೆನ್ನು ಕೆಳಗಿಟ್ಟು ಪುಸ್ತಕ ಮುಚ್ಚಿದೆ. ಮೇಡಂ "ಏನಾಯ್ತು?" ಎಂದರು. "ಟ್ರಸ್ಟಿನ ಹಾಸ್ಟೆಲ್ಲಿಗೆ ಹೋಗ್ಬರ್ತೀನಿ ಮೇಡಂ" ಎಂದು ಎದ್ದು ನಡೆದೆ.

ಅದೇ ಮ್ಯಾನೇಜರ್, ಅದೇ ಕುರ್ಚಿ. ನಾನು ಯಾರೆಂದು ಅವರಿಗೆ ನೆನಪಿರಲಿಲ್ಲ.

"ಸಾರ್, ನಿಮ್ಮ ಹಾಸ್ಟೆಲ್ಲಲ್ಲಿ ಪಾವಗಡದ ಕಡೆ ಹುಡುಗೀರು ಎಷ್ಟು ಜನ ಇದಾರೆ?"

"ಆ ಕಡೆಯೋರು ಯಾರೂ ಇಲ್ಲಮ್ಮ. ಓದೋ ಆಸೆ ಇದ್ರೆ ತಾನೇ?"

ಅರ್ಜಿ ಹಾಕಿಯೂ ಹಾಸ್ಟೆಲ್ ಸಿಗದ ಪಾವಗಡದ ಹುಡುಗಿಯರ ಜೊತೆ ನಾನು ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿಗೆ ಕಾದಿದ್ದೆ. ಆ ಮಾತಿಗೆ ನನ್ನ ದನಿ ಏರಿತು. ಪಟ್ಟಿ ತೆಗೆಯುವ ಕ್ವೆರಿ ತೋರಿಸಿ ಎಂದೆ. ಅದೆಲ್ಲ ನಿನಗೆ ಯಾಕೆ ಎಂದರು. ತೋರಿಸದೆ ಇಲ್ಲಿಂದ ಏಳುವುದಿಲ್ಲ ಎಂದು ಎದುರಿಗೇ ಕುಳಿತೆ. ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡತೊಡಗಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೆಚ್ಚು ಎನ್ನುವ ಚಿಹ್ನೆ ಇತ್ತು. ಅದರ ಮುಂದಿನ ಎಂಟನ್ನು ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ ಅಕ್ಷರ ಮಾಡಿದ್ದರು. ದೂರದ ಕಾಲಂ ಕೂಡ ಅಕ್ಷರವೇ. ವರ್ಷ ವರ್ಷವೂ ಅದೇ ಸಾಲು ಓಡಿಸಿದ್ದರು. ಕೊರಟಗೆರೆ, ಶಿರಾ, ಪಾವಗಡ, ಅಲ್ಲಿಂದೆಲ್ಲ ಬಂದ ಎರಡಂಕಿಯ ದೂರಗಳು ಹೆಚ್ಚುಕಡಿಮೆ ಪೂರ್ತಿ ಬಿದ್ದುಹೋಗಿದ್ದವು. ದೂರದವರಿಗೆಂದೇ ಕಟ್ಟಿಸಿದ ಹಾಸ್ಟೆಲ್ಲಿನಲ್ಲಿ ದೂರದವರೇ ಯಾಕಿಲ್ಲ ಎಂದು ಒಬ್ಬನಿಗಾದರೂ ಅನ್ನಿಸಬೇಡವೇ? ಕಂಪ್ಯೂಟರು ಹೇಳಿದಷ್ಟು ಮಾಡುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲಲ್ಲಿ ನಿಂತ ಮನುಷ್ಯನ ಮುಖ ನೋಡದೆ ಪರದೆ ನೋಡಿ ಮಾತಾಡಿದವರ ಮೇಲೆ ಈಗಲೂ ಇದೆ.

ನಾನು ಹೇಳಿದ್ದು ಕೇಳಿ ಮೇಡಂ ಕೂಡ ಟ್ರಸ್ಟಿನವರಿಗೆ ಫೋನ್ ಮಾಡಿ ಗಟ್ಟಿಯಾಗಿ ಮಾತಾಡಿದರು. ವಾರದೊಳಗೆ ತಿದ್ದಿದರು. ಸದ್ದಿಲ್ಲದೆ, ಏನೂ ಆಗದವರ ಹಾಗೆ.

ಭಾನುವಾರ ಗೆಳತಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಖುಷಿಪಡುತ್ತಾಳೆ ಎಂದು ಯಾಕೆ ಅಂದುಕೊಂಡಿದ್ದೆನೋ. ಅವಳ ಮುಖ ಕಪ್ಪಿಟ್ಟಿತು.

"ಇಬ್ರ ಅರ್ಜೀನೂ ತುಂಬ್ಸಿದ್ದು ನಮ್ಮಪ್ಪ," ಎಂದಳು. "ನನ್ನ ಹಾಸ್ಟ್ಲಿಗೆ ಕಳಿಸೋಕೆ ಅವನಿಗೆ ಇಷ್ಟ ಇರ್ಲಿಲ್ಲ. ಅದ್ಕೇ ಬೇಕಂತ್ಲೇ ದೂರ ಕಮ್ಮಿ ಹಾಕ್ಸವ್ನೆ ಅಂದ್ಕೊಂಡಿದ್ದೆ. ಆವತ್ತಿಂದ ಅವನ ಜೊತೆ ನೆಟ್ಟಗೆ ಮಾತಾಡಿಲ್ಲ ಕಣೆ."

"ಅವರು ಕೇಳಲಿಲ್ವಾ, ಯಾಕೆ ಅಂತ?"

"ಕೇಳ್ದ. ನಾನು ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಆಮೇಲೆ ಅವನೂ ಸುಮ್ಕಾಗ್ಬುಟ್ಟ."

ಅವಳಪ್ಪ ಕುರಿ ಮೇಯಿಸುವವನು, ಮೊದಲೇ ಮಾತು ಕಡಿಮೆ. ಆ ಹೊತ್ತಿಗೆ ಹಿತ್ತಲಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಅವಳು ಅತ್ತ ನೋಡಿ ಎದ್ದಳು. "ನಾಳೆ ನಾನು ಕೆಲ್ಸಕ್ಕೆ ಹೋಗಲ್ಲ. ಆ ಮ್ಯಾನೇಜರ್ ತಾವ ಕರ್ಕಂಡೋಗು."

ಸೋಮವಾರ ಮೂವರೂ ಹೋದೆವು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಪಕ್ಕದಲ್ಲಿ ನಿಂತಳು. ಮ್ಯಾನೇಜರ್ ಮುಖ ಗಂಟಿಕ್ಕಿ, "ಎಲ್ಲ ಸರಿಮಾಡಿ ಆಗಿದೆಯಲ್ಲ, ಮತ್ತೇನು? ಹಳೇದನ್ನೆಲ್ಲ ಬರ್ಕೊಡೋಕೆ ಆಗಲ್ಲ," ಎಂದರು.

"ಬರ್ಕೊಡೋದು ಬ್ಯಾಡ," ಎಂದಳು ಗೆಳತಿ. "ಆವತ್ತು ನಮ್ಮದೇ ತಪ್ಪು ಅಂದ್ರಲ್ಲ. ನಮ್ಮಪ್ಪನ ಮುಖ ನೋಡ್ಕಂಡು ಬಾಯಲ್ಲಿ ಹೇಳಿ, ಯಾರ ತಪ್ಪು ಅಂತ."

ಅವರು ಮೇಜಿನ ಗಾಜನ್ನು ನೋಡಿದರು, ಬಾಗಿಲನ್ನು ನೋಡಿದರು. ಕೊನೆಗೆ, "ನಿಮ್ಮ ಅರ್ಜಿ ಸರಿಯಾಗೇ ಇತ್ತು," ಎಂದರು. ಕ್ಷಮಿಸಿ ಎನ್ನುವ ಪದ ಆ ಬಾಯಿಂದ ಬರಲಿಲ್ಲ.

ಅವಳಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಮಗಳ ಕಡೆ ತಿರುಗಿ, "ನಡಿಯಮ್ಮಾ, ಹೋಗೋಣ. ಏನೂ ತಿಂದಿಲ್ಲ ನೀನು," ಎಂದ.

ಅವರಿಬ್ಬರೂ ಗೇಟು ದಾಟಿ ಹೋಟೆಲ್ಲಿನ ಕಡೆ ನಡೆದರು. ನಾನು ಆಫೀಸಿನ ಬಾಗಿಲಲ್ಲೇ ನಿಂತಿದ್ದೆ. ಮ್ಯಾನೇಜರ್ ಆಗಲೇ ಮತ್ತೆ ಪರದೆ ನೋಡಲು ಶುರುಮಾಡಿದ್ದರು.