ರಾಯಭಾರಿಗಳ ಉಪ್ಪಿಲ್ಲದ ಊಟ

ಅವರ ಬಲಗೈಯ ಕೊನೆಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಕೈ ಕುಲುಕಿದರೆ ಆ ಬೆರಳುಗಳು ಕೊಕ್ಕೆಯ ಹಾಗೆ ನಮ್ಮ ಅಂಗೈಗೆ ಸಿಕ್ಕಿಕೊಳ್ಳುತ್ತಿದ್ದವು. ಬಿಡಿಸಿಕೊಳ್ಳುವುದಕ್ಕೆ ಒಂದು ಕ್ಷಣ ಹೆಚ್ಚೇ ಬೇಕು. ಯಾವುದೋ ಯುದ್ಧಭೂಮಿಯಲ್ಲಿ ಗುಂಡು ತಗುಲಿರಬೇಕು ಎಂದುಕೊಂಡಿದ್ದೆ. ಗುಂಡೂ ಇಲ್ಲ, ಗಿಂಡೂ ಇಲ್ಲ. ಶಾಂತಿ ಮಾತುಕತೆಯ ನಡುವೆ ಸಿಟ್ಟಿಗೆದ್ದು ಹೊರಟ ಒಬ್ಬ ಸೇನಾನಾಯಕ ಬಾಗಿಲನ್ನು ಧಡಾರನೆ ಎಳೆದುಕೊಂಡಾಗ, ಅದು ಮುಚ್ಚಬಾರದೆಂದು ಇವರು ಸಂದಿಯಲ್ಲಿ ಕೈಯಿಟ್ಟಿದ್ದರು. ಬೆರಳು ಮುರಿಯಿತು. ಆ ಮನುಷ್ಯ ನಾಚಿಕೊಂಡು ತಾನೇ ಐಸ್ ಹಿಡಿದುಕೊಂಡು ಒಳಗೆ ಬಂದನಂತೆ. ಒಳಗೆ ಬಂದನಲ್ಲ, ತಮಗೆ ಬೇಕಾಗಿದ್ದದ್ದು ಅಷ್ಟೇ ಎಂದು ಹೇಳಿ, ಬೇರೆಯವರು ಪದಕ ತೋರಿಸುವ ಹಾಗೆ ಆ ಬೆರಳುಗಳನ್ನು ತೋರಿಸುತ್ತಿದ್ದರು.

ಡಿ.ಸಿ. ಹತ್ತಿರದ ರಾಕ್‌ವಿಲ್‌ನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಪಶ್ಚಿಮ ಆಫ್ರಿಕಾದ ಒಂದು ಸಣ್ಣ ದೇಶದವರು. ವಿದೇಶಾಂಗ ಇಲಾಖೆಗೆ ದುಭಾಷಿಯಾಗಿ ಸೇರಿ, ರಾಯಭಾರಿಯಾಗಿ ನಾಲ್ಕು ಕಡೆ ಸುತ್ತಿ, ಆಮೇಲೆ ಹತ್ತಾರು ದೇಶಗಳು ಕೂಡಿ ಕಳಿಸಿದ ಶಾಂತಿ ನಿಯೋಗಗಳ ಮುಖ್ಯಸ್ಥರಾಗಿ, ಬೇರೆಯವರ ಯುದ್ಧ ನಿಲ್ಲಿಸುವುದರಲ್ಲೇ ಆಯುಷ್ಯ ಕಳೆದವರು. ಮಗಳು ಇಲ್ಲಿ ಡಾಕ್ಟರಾಗಿದ್ದಾಳೆಂದು ನಿವೃತ್ತರಾದ ಮೇಲೆ ಹೆಂಡತಿಯ ಜೊತೆ ಬಂದು ನೆಲೆಸಿದ್ದರು. ಎದುರಿಗೆ ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ಮನಸ್ಸಿನಲ್ಲಿ ಮಾತ್ರ ಯಾವತ್ತೂ ರಾಯಭಾರಿಗಳು. ಕಸದ ಡಬ್ಬಿ ಹೊರಗಿಡಲು ಬಂದರೂ ಇಸ್ತ್ರಿ ಮಾಡಿದ ಅಂಗಿ, ಮಿಂಚುವ ಬೂಟು. ಇಂಥ ದೊಡ್ಡವರ ಪರಿಚಯ ನನಗಾದದ್ದು ನನ್ನ ಗಂಟಲಿನ ದೆಸೆಯಿಂದ.

ಅದು ಎರಡು ಸಾವಿರದ ಇಪ್ಪತ್ತರ ಬೇಸಿಗೆ. ಅಮ್ಮ ಹೋದ ಮೇಲೆ ಅಪ್ಪ ಮೈಸೂರಿನಿಂದ ಆರು ತಿಂಗಳಿಗೆಂದು ಅಲ್ಫರೆಟಾದಲ್ಲಿದ್ದ ಅಣ್ಣನ ಮನೆಗೆ ಬಂದವರು, ವಿಮಾನಗಳು ನಿಂತು ಅಲ್ಲೇ ಉಳಿದಿದ್ದರು. ದಿನಾ ಸಂಜೆ ಲ್ಯಾಬಿನಿಂದ ಬಂದು ಕೈ ತೊಳೆದು ನಾನು ಫೋನ್ ಮಾಡುತ್ತಿದ್ದೆ. ಒಂದು ಸಂಜೆ ಅಣ್ಣ ಫೋನ್ ಎತ್ತಿ, ಅಪ್ಪ ಮಲಗಿದ್ದಾರೆ ಎಂದ. ಮರುದಿನವೂ ಮಲಗಿದ್ದಾರೆ. ಅದರ ಮರುದಿನವೂ ಮಲಗಿದ್ದಾರೆ. ಆಮೇಲೆ ಅವನೇ ಫೋನ್ ಮಾಡಿದ. ಅಪ್ಪನಿಗೆ ಕೋವಿಡ್ ಬಂದು ಆಸ್ಪತ್ರೆಯಲ್ಲಿದ್ದರು, ಹೋಗಿಬಿಟ್ಟರು, ದಹನವೂ ಆಯಿತು, ನೀನು ಗಾಬರಿಯಾಗಬೇಡ ಎಂದ.

ಹತ್ತು ಗಂಟೆಯ ದಾರಿ. ಒಳಗೆ ಬಿಡುತ್ತಿರಲಿಲ್ಲ, ಗೊತ್ತು. ಆದರೂ ಹೇಳಿದ್ದರೆ ಹೋಗಿ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಾದರೂ ನಿಂತಿರುತ್ತಿದ್ದೆ. ಯಾರಾದರೂ ನರ್ಸಿನ ಕೈಕಾಲು ಹಿಡಿದು ಫೋನನ್ನು ಅಪ್ಪನ ಕಿವಿಗೆ ಇಡಿಸಿ, ಅಪ್ಪಾ ಎಂದು ಒಂದು ಸಲ ಕೂಗುತ್ತಿದ್ದೆ. ಆ ಕೂಗನ್ನೂ ಸೇರಿಸಿ ಅವತ್ತು ಅಣ್ಣನ ಮೇಲೆ ಕೂಗಿದೆ. ನಿನ್ನ ಮುಖ ಮತ್ತೆ ನೋಡಿದರೆ ನಾನು ಅಪ್ಪನ ಮಗಳೇ ಅಲ್ಲ ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆ ಎರಡು ಕುರ್ಚಿ, ನಡುವೆ ಆರಡಿ ಜಾಗ. ಒಂದರಲ್ಲಿ ಮಾಸ್ಕ್ ಹಾಕಿಕೊಂಡು ರಾಯಭಾರಿಗಳು ಕೂತಿದ್ದರು. ಕುರ್ಚಿಗಳು ಎದುರುಬದುರಾಗಿರಲಿಲ್ಲ, ಎರಡೂ ರಸ್ತೆಗೆ ಮುಖಮಾಡಿದ್ದವು. ಹೋಗಿ ಕೂತೆ. ಜಗತ್ತಿನ ಬಹಳ ಕಡೆ ಬಹಳ ಜನರ ಕೂಗಾಟ ಕೇಳಿದ್ದೇನೆ, ನಿನ್ನೆ ಕೇಳಿದ್ದು ಮೊದಲ ದರ್ಜೆಯದು ಎಂದರು. ಅಷ್ಟು ಅಳುವಿನಲ್ಲೂ ನನಗೆ ನಗು ಬಂತು. ನನ್ನ ಜೊತೆ ಅವರು ಆಡುತ್ತಿದ್ದದ್ದು ಇಂಗ್ಲಿಷೇ, ಆದರೆ ನನ್ನನ್ನು ಮಗಳೇ ಎಂದು ಕರೆಯುವ ರೀತಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಅಲ್ಲಿಂದ ಶನಿವಾರ ಶನಿವಾರ ಆ ಕುರ್ಚಿಗಳು ನಮಗಾಗಿ ಕಾಯುತ್ತಿದ್ದವು. ರೋಗದ ಭಯ ಕಳೆದ ಮೇಲೆ ಹುಲ್ಲಿನಿಂದ ಅವರ ಊಟದ ಮೇಜಿಗೆ ಬಡ್ತಿ ಸಿಕ್ಕಿತು. ಮೊದಲ ಸಲ ಊಟಕ್ಕೆ ಕರೆದಾಗ ಆಂಟಿ ನನಗೆಂದು ಬೇರೆಯಾಗಿ ಟೊಮ್ಯಾಟೊ ಅನ್ನ, ಅಲಸಂದೆ ಕಾಳು ಮಾಡಿದ್ದರು. ಬಾಯಿಗಿಟ್ಟರೆ ಸಪ್ಪೆ. ಒಂದು ಹರಳು ಉಪ್ಪಿಲ್ಲ. ಉಪ್ಪಿನ ಡಬ್ಬಿ ಇಡೀ ಮೇಜಿಗೆ ಒಂದೇ, ಅದೂ ರಾಯಭಾರಿಗಳ ಮೊಣಕೈ ಹತ್ತಿರ. ಮೊದಲ ದಿನ ಹೇಗೆ ಕೇಳುವುದೆಂದು ಸಂಕೋಚಪಟ್ಟು ತಿಂದೆ. ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಜನ ನಾವು, ಎಷ್ಟು ದಿನ ತಡೆದೇವು? ಎರಡನೆಯ ಸಲ ಕೇಳಿಯೇಬಿಟ್ಟೆ. ಅವರು ಆಂಟಿಯ ಕಡೆ ನೋಡಿ, ಸೇನಾನಾಯಕರಿಗಿಂತ ಇವಳು ಬೇಗ ಸೋತಳು ಎಂದರು.

ಹಾಗೆ ಆ ಕಥೆ ಹೊರಗೆ ಬಂತು. ಪಕ್ಕದ ದೇಶವೊಂದರಲ್ಲಿ ಬಡಿದಾಡುತ್ತಿದ್ದ ಎರಡು ಸೇನೆಗಳ ನಾಯಕರನ್ನು ಒಂದು ಕೆರೆಯ ದಂಡೆಯ ಹೋಟೆಲಿನಲ್ಲಿ ಸೇರಿಸಿದ್ದರು. ಒಬ್ಬರು ಕೂತ ಕೋಣೆಗೆ ಇನ್ನೊಬ್ಬರು ಕಾಲಿಡರು. ಇವರು ಮಾತುಕತೆಯನ್ನೇ ಬದಿಗಿಟ್ಟು ಊಟಕ್ಕೆ ಮಾತ್ರ ಕೂರಿಸಿದರು. ಎದುರಿಗೆ ಕೂರಿಸಿದರೆ ಮುಖ ನೋಡಿ ಸಿಟ್ಟು ಏರುತ್ತದೆಂದು ಪಕ್ಕಪಕ್ಕದಲ್ಲಿ. ಅಡುಗೆಯವನಿಗೆ ಉಪ್ಪು ಹಾಕಬೇಡ ಎಂದು ಕಟ್ಟಪ್ಪಣೆ. ಇಬ್ಬರು ಶತ್ರುಗಳಿಗೆ ಒಂದು ಉಪ್ಪಿನ ಡಬ್ಬಿ. ಹಟಕ್ಕೆ ಬಿದ್ದು ಅವರು ದಿನಗಟ್ಟಲೆ ಸಪ್ಪೆ ಅನ್ನ ತಿಂದರಂತೆ. ಕೊನೆಗೊಂದು ಮಧ್ಯಾಹ್ನ ಒಬ್ಬ ಗೋಡೆ ನೋಡಿಕೊಂಡು "ಉಪ್ಪು" ಎಂದ. ಇನ್ನೊಬ್ಬ ಕೊಟ್ಟ. ವರ್ಷಗಟ್ಟಲೆ ಕಡಿದಾಡಿದವರ ನಡುವೆ ಹುಟ್ಟಿದ ಮೊದಲ ಮಾತು ಅದು, ಆದರೆ ಯಾವ ಒಪ್ಪಂದದಲ್ಲೂ ಬರೆದಿಲ್ಲ ಎಂದು ರಾಯಭಾರಿಗಳು ನಕ್ಕರು.

ನಾನು ಬಿಡುತ್ತೇನೆಯೇ? ನಮ್ಮ ಮನೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವ ಹಾಗೇ ಇಲ್ಲ, ಜಗಳವಾಗುತ್ತದೆಂದು ಅಮ್ಮ ನೆಲಕ್ಕಿಟ್ಟು ತೆಗೆದುಕೊಳ್ಳಲು ಹೇಳುತ್ತಿದ್ದಳು, ನಿಮ್ಮ ಉಪಾಯ ನಮ್ಮವರ ಹತ್ತಿರ ನಡೆಯುವುದಿಲ್ಲ ಎಂದೆ. ಅವರು ಗಂಭೀರವಾಗಿ ಯೋಚಿಸಿದರು.

"ಅದು ಜಗಳವಾಡದವರಿಗೆ ಮಾಡಿದ ನಿಯಮ, ಮಗಳೇ. ಆಗಲೇ ಜಗಳವಾಡಿದವರಿಗೆ ನಿನ್ನ ಅಮ್ಮ ಏನು ಹೇಳಿದ್ದಾರೆ?"

ಅಮ್ಮ ಹೇಳಿದ್ದು ಇನ್ನೊಂದಿತ್ತು: ಉಪ್ಪು ತಿಂದವನು ನೀರು ಕುಡಿಯಲೇಬೇಕು. ತಪ್ಪು ಮಾಡಿದವನು ಅನುಭವಿಸಲೇಬೇಕು ಎಂದು ಅರ್ಥ ಬಿಡಿಸಿ ಹೇಳಿದೆ. ನನ್ನ ಅಣ್ಣನೂ ಕುಡಿಯುತ್ತಾನೆ, ನಾನು ಕುಡಿಸುತ್ತೇನೆ ಎಂದೂ ಸೇರಿಸಿದೆ. ಆ ಗಾದೆ ಅವರಿಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ಹೇಳಿಸಿಕೊಂಡರು.

ಹೇಗೆ ಕುಡಿಸುತ್ತಿದ್ದೆ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಪ್ರತಿ ವರ್ಷ ಅಪ್ಪನ ತಿಥಿಯ ದಿನ ಅಣ್ಣನಿಗೆ ಒಂದೇ ಒಂದು ಮೆಸೇಜ್ ಕಳಿಸುತ್ತಿದ್ದೆ: "ಅಪ್ಪ ಎದ್ರಾ?" ಅಷ್ಟೇ. ಅವನು ಉತ್ತರ ಕೊಡುತ್ತಿರಲಿಲ್ಲ. ನೋಡಿದ್ದಾನೆ ಎಂಬ ಗುರುತು ಫೋನಿನಲ್ಲಿ ಬೀಳುತ್ತಿತ್ತು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ರಾಯಭಾರಿಗಳಿಗೆ ಹೇಳಿದಾಗ ಬೈಯುತ್ತಾರೆಂದುಕೊಂಡೆ. ಅವರು ಒಳ್ಳೆಯ ಸಂಗೀತ ಕೇಳಿದವರ ಹಾಗೆ ತಲೆದೂಗಿ, ಇದನ್ನು ಯಾರು ಕಲಿಸಿದರು ಎಂದರು. ಆಮೇಲೆ, ಆದರೆ ಒಂದು ಕೊರತೆಯಿದೆ, ಇದಕ್ಕೆ ಅವನು ಉತ್ತರ ಕೊಡಲಾರ, ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳು ಎಂದರು.

ಅಣ್ಣನ ಕಡೆಯಿಂದಲೂ ಸಂಧಾನಕ್ಕೆ ಬಂದಿದ್ದರು. ಅವನ ಪಕ್ಕದೂರು ಸುವಾನಿಯ ದಂಪತಿಗಳು, ಡಿ.ಸಿ. ನೋಡಲು ಬಂದ ನೆಪದಲ್ಲಿ ನಮ್ಮ ಮನೆಯಲ್ಲಿ ಕಾಫಿ ಕುಡಿದು, ಒಡಹುಟ್ಟಿದವರು, ಆಗಿದ್ದು ಆಗಿಹೋಯ್ತು, ಮೂವ್ ಆನ್ ಆಗ್ಬೇಕು ಕಣಮ್ಮಾ ಎಂದು ಉಪದೇಶ ಮಾಡಿದರು. ಕಾಫಿ ಲೋಟ ಅವರ ಕೈಯಿಂದ ಇಸಿದುಕೊಂಡು ಬಾಗಿಲು ತೋರಿಸಿದೆ. ಆ ಶನಿವಾರ ಇದನ್ನು ಹೇಳಿದರೆ ರಾಯಭಾರಿಗಳಿಗೆ ನಿಜವಾಗಿ ಸಿಟ್ಟು ಬಂತು. ಅವರ ಸಿಟ್ಟು ನಾನು ನೋಡಿದ್ದು ಅವತ್ತೊಂದೇ ದಿನ. ಆಗಿದ್ದು ಆಯಿತು ಎನ್ನುವವರೆಲ್ಲ ಏನೂ ಆಗದೆ ಉಳಿದವರು ಎಂದರು. ಆಂಟಿ ಎದ್ದು ಅಡುಗೆಮನೆಗೆ ಹೋದ ಮೇಲೆ ನನಗೆ ಒಂದು ಸಂಗತಿ ಹೇಳಿದರು.

ಕೆರೆ ದಂಡೆಯ ಆ ಹೋಟೆಲಿನಲ್ಲಿ ಗೋಡೆ ನೋಡಿಕೊಂಡು ಉಪ್ಪು ಕೇಳಿದವನಿದ್ದನಲ್ಲ, ಇವರ ಒಡಹುಟ್ಟಿದ ಅಣ್ಣನನ್ನು ಕೊಲ್ಲಿಸಿದವನು ಅವನೇ. ಅಣ್ಣ ಡಾಕ್ಟರು. ಗಡಿಯಾಚೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಆ ಸೇನಾನಾಯಕನ ಜನ ಹೊರಗೆಳೆದು ಕೊಂದಿದ್ದರು. ನಿಯೋಗಕ್ಕೆ ಕಳಿಸಿದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಇವರನ್ನು ಕಳಿಸುತ್ತಿರಲಿಲ್ಲ. ಗೊತ್ತಿದ್ದವರು ಆಂಟಿ ಒಬ್ಬರೇ.

ಅವನನ್ನು ಕ್ಷಮಿಸಿದಿರಾ ಎಂದು ಕೇಳಿದೆ.

"ಇಲ್ಲ. ಕ್ಷಮೆ ನನ್ನ ಇಲಾಖೆಯಲ್ಲ." ಮಡಚಿದ ಬೆರಳಿನ ಕೈಯಿಂದ ಮೇಲಕ್ಕೆ ತೋರಿಸಿದರು. "ಅದಕ್ಕೆ ಬೇರೆ ಆಫೀಸಿದೆ. ನಾನು ಅವನಿಂದ ಸಹಿ ಹಾಕಿಸಿದೆ. ಸಮವಸ್ತ್ರ ಬಿಚ್ಚಿಸಿ ಸೂಟು ಹಾಕಿಸಿದೆ. ಜೀವನಪೂರ್ತಿ ಸಮಿತಿಗಳಲ್ಲಿ ಕೂರಿಸಿದೆ. ಒಂದು ಸಲ ಅವನೇ ಫೋನ್ ಮಾಡಿ, ಮೀಟಿಂಗಿನಲ್ಲಿ ಕೂತು ಕೂತು ಬೆನ್ನು ಹೋಯಿತು ಎಂದು ಗೋಳಾಡಿದ. ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ."

ಅಬ್ಬಾ ಎನಿಸಿತು. ಶಾಂತಿದೂತರೆಂದರೆ ತಣ್ಣಗಿನ ಮನುಷ್ಯರು ಎಂದು ತಿಳಿದವಳು ನಾನು. ಇದು ಬೂದಿ ಮುಚ್ಚಿದ ಕೆಂಡ. ಆ ಸಂಧಾನದಿಂದ ಎಷ್ಟು ಊರುಗಳು ಉಳಿದವೋ, ಎಷ್ಟು ಮಕ್ಕಳು ಶಾಲೆಗೆ ಹೋದರೋ, ಅದೆಲ್ಲ ನಿಜ. ಅದರ ತಳದಲ್ಲಿ ಒಬ್ಬ ತಮ್ಮನ ಸೇಡು ಉರಿಯುತ್ತಿದ್ದದ್ದೂ ನಿಜ. ಅವತ್ತಿನಿಂದ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. ನಾನೂ ಅವರ ಜಾತಿಯವಳೇ ಎಂದು ಧೈರ್ಯ ಬಂತು.

ಕಳೆದ ಚಳಿಗಾಲದಲ್ಲಿ ಅವರ ಹೃದಯ ಸೋಲತೊಡಗಿತು. ಕಾಲು ಊದಿಕೊಂಡು ಮಿಂಚುವ ಬೂಟುಗಳು ಮೂಲೆ ಸೇರಿದವು. ಡಾಕ್ಟರು ಉಪ್ಪು ಮುಟ್ಟಬಾರದೆಂದು ಹೇಳಿದರು. ಸೇನಾನಾಯಕರ ಶಾಪ ತಟ್ಟಿತು ಎಂದು ಇವರು ನಕ್ಕರು. ಒಂದು ಶನಿವಾರ ಹಾಸಿಗೆಯಲ್ಲಿ ಮಲಗಿಕೊಂಡೇ ನಿನ್ನ ಅಣ್ಣನ ನಂಬರು ಕೊಡು ಎಂದರು. ಬೈಯುವುದಕ್ಕಾದರೆ ಕೊಡುತ್ತೇನೆ ಎಂದೆ. ಚೆನ್ನಾಗಿ ಬೈಯಿರಿ, ರಾಜತಾಂತ್ರಿಕವಾಗಿ ಬೇಡ ಎಂದೂ ಹೇಳಿದೆ. ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು, ಕೊಟ್ಟೆ. ಮಾತಾಡಿದರೋ ಇಲ್ಲವೋ ನಾನು ಕೇಳಲಿಲ್ಲ. ಕೆಲವೇ ವಾರಗಳಲ್ಲಿ ಹೋಗಿಬಿಟ್ಟರು. ಹೋಗುವ ಹಿಂದಿನ ದಿನ ಆಂಟಿ ಗೋಡೆ ತಟ್ಟಿ ನನ್ನನ್ನು ಕರೆದಿದ್ದರು. ನಾನು ಆ ಕೈ ಹಿಡಿದು ಕೂತಿದ್ದೆ. ಬೆರಳುಗಳು ಎಂದಿನಂತೆ ಸಿಕ್ಕಿಕೊಂಡಿದ್ದವು. ನನ್ನ ಅಪ್ಪನಿಗೆ ಸಿಗದ ಕೈ ಅವರಿಗೆ ಸಿಕ್ಕಿತು ಎನ್ನಲೋ, ನನಗೆ ಅಪ್ಪನ ಕೈ ಅಲ್ಲಿ ಸಿಕ್ಕಿತು ಎನ್ನಲೋ, ತಿಳಿಯದು.

ಸಿಲ್ವರ್ ಸ್ಪ್ರಿಂಗ್‌ನ ಒಂದು ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಪಕ್ಕದ ಹಾಲಿನಲ್ಲಿ ಊಟ. ಬಿಳಿಯ ಬಟ್ಟೆ ಉಟ್ಟ ನೂರಾರು ಜನ. ಆಂಟಿ ನನ್ನ ತೋಳು ಹಿಡಿದು ಮೇಜುಗಳ ನಡುವೆ ನಡೆಸಿಕೊಂಡು ಹೋಗಿ, ನಿನ್ನ ಜಾಗ ಇದು, ಅವರೇ ಹೇಳಿ ಹೋಗಿದ್ದಾರೆ ಎಂದು ಒಂದು ಕುರ್ಚಿ ಎಳೆದರು. ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ.

ಕಣ್ಣಲ್ಲೂ ಕಂಡಿರದ ಮನುಷ್ಯನ ಸಾವಿಗೆ ಅಲ್ಫರೆಟಾದಿಂದ ಹತ್ತು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಾನೆ! ಮೈಯೆಲ್ಲ ಉರಿಯಿತು. ತಲೆ ಬೋಳಾಗಿತ್ತು. ಅಪ್ಪನ ಹಾಗೆಯೇ ಮಂಡಿಯ ಮೇಲೆ ಅಂಗೈ ಊರಿಕೊಂಡು ಕೂತಿದ್ದ. ಅದನ್ನು ನೋಡಿ ಇನ್ನಷ್ಟು ಉರಿಯಿತು. ಎದ್ದು ಹೋಗೋಣವೆಂದು ತಿರುಗಿದರೆ ಆಂಟಿ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಗಂಡನನ್ನು ಕಳೆದುಕೊಂಡವಳ ಬೆರಳು ಮುರಿಯುವಷ್ಟು ಕೆಟ್ಟವಳಲ್ಲ ನಾನು. ಕೂತೆ.

ತಟ್ಟೆ ಬಂತು. ಟೊಮ್ಯಾಟೊ ಅನ್ನ, ಅಲಸಂದೆ ಕಾಳು. ಉಪ್ಪಿಲ್ಲ. ನಮ್ಮಿಬ್ಬರ ನಡುವೆ ಒಂದೇ ಉಪ್ಪಿನ ಡಬ್ಬಿ, ಅದು ಅವನ ಕಡೆ. ನೀರಿನ ಜಗ್ಗು ನನ್ನ ಕಡೆ. ಅವನೂ ಸಪ್ಪೆ ತಿಂದ, ನಾನೂ ಸಪ್ಪೆ ತಿಂದೆ. ಉಪ್ಪು ಕೇಳಬಾರದೆಂದು ನಾನು ಮಾಡಿದ ಹಟ ಆ ಸೇನಾನಾಯಕರ ಹಟಕ್ಕೇನೂ ಕಡಿಮೆಯದಲ್ಲ. ಆದರೆ ರಾಯಭಾರಿಗಳು ಸತ್ತೂ ನನ್ನನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಾಗನಿಸುತ್ತಿತ್ತು. ಕೊನೆಗೆ ಗೋಡೆ ನೋಡಿಕೊಂಡು "ಉಪ್ಪು" ಎಂದೆ.

ಅಣ್ಣ ಡಬ್ಬಿ ಎತ್ತಿದ. ಎತ್ತಿದವನು ನನ್ನ ಕೈಗೆ ಕೊಡದೆ, ಅಮ್ಮ ಹೇಳಿಕೊಟ್ಟ ಹಾಗೆ, ನನ್ನ ತಟ್ಟೆಯ ಪಕ್ಕ ಮೇಜಿನ ಮೇಲೆ ಇಟ್ಟ.

"ಕೈಗೇ ಕೊಡು," ಎಂದೆ.

"ಜಗಳ ಆಗತ್ತೆ ಕಣೇ."

"ಆಗ್ಲಿ. ಅಪ್ಪ ಮಲಗಿದ್ದಾರೆ ಅಂದ್ಯಲ್ಲ, ಆ ಮೊದಲನೇ ಸಂಜೆ ಏನಾಗಿತ್ತು? ಅಲ್ಲಿಂದ ಶುರು ಮಾಡು. ಒಂದೂ ಬಿಡಬೇಡ."

ಡಬ್ಬಿಯನ್ನು ಮತ್ತೆ ಎತ್ತಿ ನನ್ನ ಅಂಗೈಯಲ್ಲಿಟ್ಟ. ಆಮೇಲೆ ಹೇಳಿದ. ನನ್ನ ಫೋನ್ ಬಂದಾಗ ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಎರಡು ದಿನದ ಹಿಂದೆಯೇ ಕರೆದುಕೊಂಡು ಹೋಗಬೇಕಿತ್ತು, ಬರೀ ನೆಗಡಿಯೆಂದು ತಡಮಾಡಿದ್ದ. ನಾನು ಬಂದರೆ ಅದು ಗೊತ್ತಾಗುತ್ತದೆ, ಬೈಯುತ್ತೇನೆ ಎಂದು ಹೆದರಿದ. ಒಂದು ಸುಳ್ಳನ್ನು ಕಾಯಲು ದಿನಾ ಅದೇ ಸುಳ್ಳು ಹೇಳಿದ. ಕೊನೆಯ ದಿನ ನರ್ಸು ವಿಡಿಯೋದಲ್ಲಿ ತೋರಿಸಿದಾಗ ಅಪ್ಪ ಇವನನ್ನು ನೋಡಿ, ಅವಳೆಲ್ಲಿ ಎಂದು ಕೇಳಿದ್ದರು. ಬರ್ತಾ ಇದಾಳೆ ಅಪ್ಪ, ದಾರೀಲಿದಾಳೆ ಎಂದಿದ್ದ.

ಅದನ್ನು ಕೇಳಿ ನಾನು ಬೈದೆ. ಆ ಹಾಲಿನಲ್ಲಿ, ಅಷ್ಟು ಜನರ ನಡುವೆ, ಅಚ್ಚ ಮೈಸೂರು ಕನ್ನಡದಲ್ಲಿ, ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಬೈದೆ. ಯಾರೂ ತಿರುಗಿ ನೋಡಲಿಲ್ಲ; ಸಾವಿನ ಮನೆಯಲ್ಲಿ ಅಳುವುದು ಅವರಿಗೂ ಗೊತ್ತು. ಅಣ್ಣ ತಲೆ ಎತ್ತದೆ ಕೇಳಿಸಿಕೊಂಡ. ಕಣ್ಣೀರು ಅನ್ನಕ್ಕೆ ಬೀಳುತ್ತಿದ್ದರೂ ತಿನ್ನುತ್ತಲೇ ಇದ್ದ. ನಾನು ಅವನನ್ನು ಕ್ಷಮಿಸಿಲ್ಲ. ಅದು ನನ್ನ ಇಲಾಖೆಯೂ ಅಲ್ಲ.

ತುತ್ತು ನೆತ್ತಿಗೇರಿ ಅವನು ಕೆಮ್ಮತೊಡಗಿದ. ಮುಖ ಕೆಂಪಾಯಿತು. ನೀರಿಗೆಂದು ನನ್ನ ಕಡೆ ಕೈ ಚಾಚಿದ. ಜಗ್ಗನ್ನು ಯಾರು ಯಾಕೆ ನನ್ನ ಕಡೆ ಇಡಿಸಿದ್ದಾರೆಂದು ನನಗೆ ಆಗ ತಿಳಿಯಿತು.

ಲೋಟಕ್ಕೆ ನೀರು ಬಗ್ಗಿಸಿದೆ. ಬೇಕೆಂದೇ ಸ್ವಲ್ಪ ತಡಮಾಡಿ, ಕೊಟ್ಟೆ.