ಮೂಲೆಯ ಕುಂಟಿ

ನಮ್ಮ ಕಡೆ ಹೊಲ ಹರಗುವ ಕುಂಟೆಗೂ ಕುಂಟಿ ಎನ್ನುತ್ತಾರೆ, ಕಾಲು ಊನವಾದ ಹೆಣ್ಣಿಗೂ ಕುಂಟಿ ಎನ್ನುತ್ತಾರೆ. ಒಂದೇ ಶಬ್ದ. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಚಿಕ್ಕಂದಿನ ಒಂದು ಜ್ವರದಲ್ಲಿ ನನ್ನ ಎಡಗಾಲು ಸೊರಗಿತು. ಹುಬ್ಬಳ್ಳಿಯ ನಮ್ಮ ಮನೆ ಅಜ್ಜಿಯ ಶಿಸ್ತಿನಲ್ಲಿ ನಡೆಯುತ್ತಿತ್ತು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಕೋಳಿ ಕೂಗುವ ಮೊದಲು ಏಳಬೇಕು. ಕಸ, ಸಾರಣೆ, ಸ್ನಾನ, ವಿಭೂತಿ, ಲಿಂಗಪೂಜೆ. ಆಮೇಲೆಯೇ ಬಾಯಿಗೆ ನೀರು. ಕಾಲಿನ ನೆಪದಲ್ಲಿ ಆಯಿ ನನಗೆ ಒಂದು ಕೆಲಸದಲ್ಲೂ ರಿಯಾಯಿತಿ ಕೊಡಲಿಲ್ಲ. ಅದಕ್ಕಾಗಿಯೇ ಅವಳೆಂದರೆ ನನಗೆ ಪ್ರಾಣ. ಆ ಮನೆಯಲ್ಲಿ ನಾನೂ ಎಲ್ಲರಷ್ಟೇ ಎಂದು ನಂಬಿದ್ದೆ.

ಬೀದಿಗಳಲ್ಲಿ ಸ್ವಾತಂತ್ರ್ಯ ಚಳವಳಿಯ ಪ್ರಭಾತಫೇರಿ ಹೊರಡುತ್ತಿದ್ದ ಕಾಲ. ತಂಗಿಯನ್ನು ನೋಡಲು ಧಾರವಾಡದಿಂದ ಗಂಡಿನ ಕಡೆಯವರು ಬಂದರು. ಅವಳ ಹೆರಳು ಹಾಕಿದವಳು ನಾನೇ. ಹೂ ಮುಡಿಸಿ ಮುಗಿಸುವಷ್ಟರಲ್ಲಿ ಆಯಿ ನನ್ನ ರಟ್ಟೆ ಹಿಡಿದು ಕಾಳಿನ ಕೋಣೆಗೆ ಕರೆದೊಯ್ದಳು.

"ಅವರು ಹೋಗೂತನಾ ಇಲ್ಲೇ ಇರವಾ. ಅಕ್ಕನ ಕಾಲು ಕಂಡರ ತಂಗೀಗೂ ಹೆಸರಿಡ್ತಾರ."

ಹೊರಗಿನಿಂದ ಚಿಲಕ ಬಿತ್ತು.

ಸುಮ್ಮನೆ ಕೂಡುವುದು ನನಗೆ ಗೊತ್ತಿರಲಿಲ್ಲ. ಅಡ್ಡಾದಿಡ್ಡಿ ಇದ್ದ ಚೀಲಗಳನ್ನು ಸರಿಮಾಡಿ ಇಡತೊಡಗಿದೆ. ಕತ್ತಲಲ್ಲಿ ಕಾಲು ತಪ್ಪಿ ದಡಲ್ಲನೆ ಬಿದ್ದೆ. ಪಡಸಾಲೆಯ ಮಾತು ನಿಂತಿತು.

"ಏನ್ರಿ ಅದು ಸಪ್ಪಳಾ?" ವರನ ಅಜ್ಜಿ ಕೇಳಿದರು.

"ಏನಿಲ್ಲರಿ. ಮೂಲ್ಯಾಗ ಕುಂಟಿ ಇಟ್ಟಿದ್ವಿ, ಬಿತ್ತು ಕಾಣತೈತಿ," ಎಂದಳು ಆಯಿ.

ನಮ್ಮ ಹೊಲ ಇದ್ದದ್ದು ಬೈರಿದೇವರಕೊಪ್ಪದಲ್ಲಿ. ಕುಂಟೆಗಳೆಲ್ಲ ಅಲ್ಲಿಯೇ ಇರುತ್ತಿದ್ದವು. ಆ ಕೋಣೆಯಲ್ಲಿದ್ದ ಕುಂಟಿ ನಾನೊಬ್ಬಳೇ. ಬಿದ್ದ ನೋವಿಗೆ ಬಾರದ ಅಳು ಆ ಮಾತಿಗೆ ಬಂತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ.

"ನಮ್ಮ ಮನ್ಯಾಗೂ ಕುಂಟಿ ಅದಾವ್ರಿ," ಎಂದರು ಆ ಮುದುಕಿ. "ಬೀಳತಾವ, ಖರೇ. ಅಳೂದನ್ನ ಮಾತ್ರ ಕೇಳಿಲ್ಲ ನೋಡ್ರಿ."

ನಾನು ಉಸಿರು ಬಿಗಿಹಿಡಿದಿದ್ದರೆ ತಂಗಿಯ ಸಂಬಂಧ ಉಳಿಯುತ್ತಿತ್ತೋ ಏನೋ. ಆದರೆ ಈಗ ಸುಮ್ಮನಾದರೆ ಆ ಕೋಣೆಯಿಂದ ನಾನು ಎಂದೂ ಹೊರಬರಲಾರೆ ಎನಿಸಿತು. ಕಣ್ಣು ಒರೆಸಿ, ಸೆರಗು ಸರಿಮಾಡಿ, ಕದ ಬಡಿದೆ.

"ಆಯಿ, ಚಿಲಕಾ ತಗೀ. ಕುಂಟಿ ಹೊರಗ ಬರತೈತಿ."

ಚಿಲಕ ತೆಗೆದವಳು ತಂಗಿ. ಯಾರೂ ಏಳು ಎನ್ನದಿದ್ದರೂ ಮಣೆಯಿಂದ ಎದ್ದು ಬಂದಿದ್ದಳು. ಅಷ್ಟೂ ಜನರ ಮುಂದೆ ನಾನು ಕಾಲೆಳೆಯುತ್ತ ನಡೆದು ಅವಳ ಪಕ್ಕದಲ್ಲಿ ಕುಳಿತೆ. ಮುದುಕಿ ನನ್ನನ್ನು ದಿಟ್ಟಿಸಿ ನೋಡಿದರು. "ತಿಳಸ್ತೀವ್ರಿ," ಎಂದು ಎದ್ದರು. ತಿಳಿಸಲಿಲ್ಲ.

"ನನ್ನಿಂದ ಹೋತಲ್ಲ," ಎಂದೆ.

ತಂಗಿ ಹೆರಳಿನ ಹೂ ಬಿಚ್ಚುತ್ತ, "ಹೋಗ್ಲಿ ಬಿಡಕ್ಕಾ. ಇನ್ನಮ್ಯಾಲೆ ನೋಡಾಕ ಬಂದವರಿಗೆ ನಿನ್ನ ಕೈಲೇನ ಚಹಾ ಕೊಡಸ್ತೇನಿ. ಓಡಾವ್ರು ಲಗೂನ ಓಡ್ಲಿ," ಎಂದಳು.

ಹಾಗೆಯೇ ಮಾಡಿದಳು. ಓಡದೆ ಕುಳಿತು ಚಹಾ ಕುಡಿದವರ ಮನೆಗೇ ಸೊಸೆಯಾಗಿ ಹೋದಳು.

ಆಯಿ ಅಂದು ಯಾವ ಕುಂಟಿಯನ್ನು ಹೇಳಿದಳು? ಗಾಬರಿಯಲ್ಲಿ ಹೊಳೆದ ಸುಳ್ಳೋ, ಮೊದಲಿನಿಂದಲೂ ಮನಸ್ಸಿನಲ್ಲಿದ್ದ ಹೆಸರೋ? ಅವಳು ಬದುಕಿದ್ದಷ್ಟು ದಿನ ಕೇಳಲಾಗಲಿಲ್ಲ.

ಈಗಲೂ ನನ್ನ ದಿನ ಅವಳು ಹಾಕಿಕೊಟ್ಟ ಕ್ರಮದಲ್ಲೇ ನಡೆಯುತ್ತದೆ. ಪೂಜೆ ಮುಗಿಸಿ ಕುಳಿತಾಗ ಒಳಗೆ ಏನಾದರೂ ಬಿದ್ದ ಸಪ್ಪಳವಾದರೆ, ಏನು ಬಿತ್ತು ಎಂದು ನಾನು ಕೇಳುವುದಿಲ್ಲ. "ಯಾರವಾ ಅಲ್ಲಿ?" ಎನ್ನುತ್ತೇನೆ. ತಮ್ಮನ ಸೊಸೆಗೆ ನಗು. "ಯಾರಿಲ್ಲರಿ, ಚರಗಿ ಬಿತ್ತು," ಎನ್ನುತ್ತಾಳೆ.

ಆದರೂ ಎದ್ದು ಹೋಗಿ ಕದ ತೆಗೆದು ನೋಡಿ ಬರುತ್ತೇನೆ.